ಕಡಲಂಚಿನ ಸೈಕಲ್ ದಾರಿ: ಅದು ಮೊದಲು ಏನಾಗಿತ್ತು ಎಂದು ಕೇಳಿ

ಪ್ರಶ್ನೆ: ನನಗೆ 43, ಮಗಳಿಗೆ 11, ಅಮ್ಮನಿಗೆ 66. ಮೂವರಿಗೂ ಸೈಕಲ್ ಬರುತ್ತದೆ, ಮೂವರಿಗೂ ಸಮುದ್ರವೆಂದರೆ ಪ್ರಾಣ. ಆದರೆ ಎರಡು ವರ್ಷದ ಹಿಂದೆ ಲಾರಿಯೊಂದು ಮೈಗೆ ಉಜ್ಜುವಷ್ಟು ಹತ್ತಿರ ಹಾದು ಮಗಳು ಸೈಕಲ್‌ನಿಂದ ಬಿದ್ದಳು. ಅಂದಿನಿಂದ ವಾಹನ ಓಡಾಡುವ ರಸ್ತೆಗೆ ಅವಳು ಸೈಕಲ್ ಇಳಿಸುವುದೇ ಇಲ್ಲ. ವಾಹನವಿಲ್ಲದ, ಸಮುದ್ರದ ಪಕ್ಕದಲ್ಲೇ ಸಾಗುವ ಸೈಕಲ್ ದಾರಿ ಬೇಕೆಂದು ಹುಡುಕಿದರೆ ನೂರಾರು ಸಿಗುತ್ತವೆ, ಎಲ್ಲದರ ಫೋಟೊ ಕೂಡ ಒಂದೇ ಥರ ಚೆಂದ. ಕಳೆದ ಸಲ ಹಾಗೆ ಫೋಟೊ ನೋಡಿ ಹೋದ ದಾರಿಯಲ್ಲಿ ಅರ್ಧ ಕಾರುಗಳು, ಇನ್ನರ್ಧ ಕಡಲೇ ಕಾಣದ ಪೊದೆ. ಒಳ್ಳೆಯ ದಾರಿಯನ್ನು ಮೊದಲೇ ಗುರುತಿಸುವುದು ಹೇಗೆ? ಒಂದು ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳಬಹುದು? ಎಲ್ಲಿಗೆ ಹೋಗಬಹುದು?

ಉತ್ತರ: ಮೊದಲಿಗೆ ನಿಮ್ಮ ಮಗಳ ಮಾತು. ಅವಳ ಭಯವನ್ನು ಬಿಡಿಸಬೇಕು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಲಾರಿಗೆ ಹೆದರುವುದರಲ್ಲಿ ತಪ್ಪೇನೂ ಇಲ್ಲ. ಹೆದರದೆ ಓಡಿಸಬಹುದಾದ ಜಾಗ ಸಿಕ್ಕಿದರೆ ಸೈಕಲ್ ಮೇಲಿನ ಪ್ರೀತಿ ತಾನಾಗಿ ಮರಳುತ್ತದೆ. ಅದಕ್ಕೆ ಕಡಲಂಚಿನ ದಾರಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ದಾರಿ ಆರಿಸಲು ನಾನು ಮಾಡುವುದು ಇಷ್ಟೇ. ಫೋಟೊ ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಕೇಳುತ್ತೇನೆ: ಸೈಕಲ್ ದಾರಿಯಾಗುವ ಮೊದಲು ಇದು ಏನಾಗಿತ್ತು? ಕಡಲಂಚಿನ ಜಾಗಕ್ಕೆ ಎಲ್ಲ ಕಡೆಯೂ ಬೇಡಿಕೆ ಹೆಚ್ಚು. ಬರೀ ಸೈಕಲ್ಲಿಗೆಂದು ಹೊಸದಾಗಿ ಹತ್ತಾರು ಕಿಲೋಮೀಟರ್ ಜಾಗ ಬಿಟ್ಟುಕೊಡುವವರು ಬಹಳ ಕಡಿಮೆ. ಹಾಗಾಗಿ ಇಂಥ ದಾರಿಗಳಲ್ಲಿ ಹೆಚ್ಚಿನವು ಹಿಂದೆ ಬೇರೇನೋ ಆಗಿದ್ದವು. ನಿಂತುಹೋದ ರೈಲು ಮಾರ್ಗ, ಅಲೆ ತಡೆಯಲು ಕಟ್ಟಿದ ಗೋಡೆ, ಕಡಲು ಒಳನುಗ್ಗದಂತೆ ಹಾಕಿದ ಮಣ್ಣಿನ ಏರಿ, ಅಥವಾ ವಾಹನಗಳು ಬಿಟ್ಟುಕೊಟ್ಟ ಹಳೇ ರಸ್ತೆ. ಏರು ಎಷ್ಟು, ನೆಲ ಹೇಗೆ, ಗಾಳಿ ಎಷ್ಟು ಬಡಿಯುತ್ತದೆ, ಕಡಲು ಕಾಣುತ್ತದೆಯೇ ಎಂಬುದೆಲ್ಲ ಈ ಹಿಂದಿನ ಜನ್ಮದಲ್ಲೇ ತೀರ್ಮಾನವಾಗಿರುತ್ತದೆ.

ಇವುಗಳಲ್ಲಿ ನಿಮ್ಮ ಮೂವರಿಗೂ ಹೇಳಿಮಾಡಿಸಿದ್ದು ಹಳೆಯ ರೈಲು ಮಾರ್ಗ. ಕಾರಣ ಸರಳ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಹಿಡಿತ ಸಾಲದೆ ಜಾರುತ್ತದೆ. ಹಾಗಾಗಿ 50 ಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಏರು ಕೊಡಲು ರೈಲು ಎಂಜಿನಿಯರುಗಳು ಹಿಂಜರಿಯುತ್ತಿದ್ದರು. ಗುಡ್ಡ ಬಂದರೆ ಕೊರೆದರು, ಕಣಿವೆ ಬಂದರೆ ಸೇತುವೆ ಕಟ್ಟಿದರು, ತಿರುವನ್ನು ಅಗಲಕ್ಕೆ ಎಳೆದರು. ಅವರು ಉಗಿಬಂಡಿಗಾಗಿ ಪಟ್ಟ ಆ ಶ್ರಮದ ಫಲ ಇಂದು 66 ವರ್ಷದ ಮೊಣಕಾಲಿಗೆ ಸಿಗುತ್ತದೆ. ಮೀನುಗಾರಿಕೆ ಬಂದರುಗಳಿಗೂ ಸಮುದ್ರಸ್ನಾನಕ್ಕೆ ಬರುವವರ ಊರುಗಳಿಗೂ ಹೋಗಬೇಕಾಗಿದ್ದರಿಂದ ಈ ಮಾರ್ಗಗಳು ನೀರಿನಂಚನ್ನೇ ಹಿಡಿದು ಸಾಗಿದವು. ಆಮೇಲೆ ಕಾರು, ಬಸ್ಸು ಬಂದವು, ರೈಲಿಗೆ ಜನ ಸಾಲದಾಯಿತು, ಹಳಿ ಕಿತ್ತರು. ಹಳಿ ಕೆಳಗಿದ್ದ ನೆಲದ ಪಟ್ಟೆ ಹಾಗೇ ಉಳಿಯಿತು.

ಇಟಲಿಯ ಲಿಗೂರಿಯಾ ಕರಾವಳಿಯನ್ನೇ ನೋಡಿ. ಬೆಟ್ಟ ಮತ್ತು ಕಡಲಿನ ನಡುವೆ ಇಕ್ಕಟ್ಟಾಗಿ ಒಂದೇ ಜೋಡಿ ಹಳಿಯ ಮೇಲೆ ಸಾಗುತ್ತಿದ್ದ ರೈಲನ್ನು 2001ರಲ್ಲಿ ಒಳನಾಡಿನ ಹೊಸ ಸುರಂಗ ಮಾರ್ಗಕ್ಕೆ ಸಾಗಿಸಿದರು. ಬಿಟ್ಟುಹೋದ ಪಟ್ಟೆಯ ಮೇಲೆ ಸಾನ್ ಲೊರೆಂಜೊ ಅಲ್ ಮಾರೆಯಿಂದ ಸಾನ್‌ರೆಮೊ ಹಾದು ಓಸ್ಪೆದಾಲೆತ್ತಿಯವರೆಗೆ 24 ಕಿ.ಮೀ. ಡಾಂಬರು ಹಾಕಿದ ಸೈಕಲ್ ದಾರಿ ಬಂತು. ಮಧ್ಯೆ ಮಧ್ಯೆ ಊರುಗಳು, ಹಳೆಯ ನಿಲ್ದಾಣಗಳು. ಎಲ್ಲಿ ಸಾಕೆನಿಸಿತೋ ಅಲ್ಲಿಂದ ತಿರುಗಬಹುದು. ಸಾನ್‌ರೆಮೊ ಮತ್ತು ಓಸ್ಪೆದಾಲೆತ್ತಿ ನಡುವೆ ಒಂದೂಮುಕ್ಕಾಲು ಕಿಲೋಮೀಟರ್ ಉದ್ದದ ಸುರಂಗವಿದೆ. 1907ರಿಂದ ನಡೆಯುತ್ತಿರುವ ಮಿಲಾನ್–ಸಾನ್‌ರೆಮೊ ಸೈಕಲ್ ಸ್ಪರ್ಧೆಯ ಇತಿಹಾಸವನ್ನು ಅದರೊಳಗೆ ಬರೆದಿದ್ದಾರೆ. ಹೊರಗೆ ಬಿಸಿಲು ಕುದಿಯುತ್ತಿದ್ದರೂ ಒಳಗೆ ತಣ್ಣಗಿರುತ್ತದೆ. ಸುರಂಗದ ಬಾಯಿಗೆ ಬರುವ ಹತ್ತು ಮಾರು ಮೊದಲೇ ಕಪ್ಪು ಕನ್ನಡಕ ತೆಗೆಯುವ ಅಭ್ಯಾಸ ಮಗಳಿಗೆ ಮಾಡಿಸಿ. ಬೆಳಕಿನಿಂದ ಕತ್ತಲೆಗೆ ಹೋದಾಗ ಕಣ್ಣು ಹೊಂದಿಕೊಳ್ಳಲು ಕೆಲವು ಕ್ಷಣ ಬೇಕು. ಆ ಕ್ಷಣಗಳಲ್ಲೇ ಜನ ಎದುರಿನವರಿಗೆ ಡಿಕ್ಕಿ ಹೊಡೆಯುವುದು.

ಇದೇ ದೇಶದ ಪೂರ್ವ ತೀರದಲ್ಲಿ, ಅಬ್ರುಝೊ ಪ್ರಾಂತ್ಯದಲ್ಲಿ ಓರ್ತೋನಾದಿಂದ ವಾಸ್ತೋ ಕಡೆಗೆ ಸುಮಾರು 40 ಕಿ.ಮೀ. ಸಾಗುವ ಇನ್ನೊಂದು ಹಳೇ ರೈಲು ದಾರಿಯಿದೆ. ಮರದ ಕಂಬಗಳ ಮೇಲೆ ನೀರಿನೊಳಕ್ಕೆ ಚಾಚಿಕೊಂಡಿರುವ ಮೀನುಗಾರರ ಅಟ್ಟಗಳು ಅಲ್ಲಿ ಸಾಲಾಗಿ ಸಿಗುತ್ತವೆ. ಅವಕ್ಕೆ ಅಲ್ಲಿ ‘ತ್ರಬೊಕ್ಕೊ’ ಎನ್ನುತ್ತಾರೆ, ಇಡೀ ಕರಾವಳಿಗೆ ಆ ಹೆಸರೇ ಬಂದಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಸ್ವಾನ್ಸಿ ಕೊಲ್ಲಿಯ ಅಂಚಿನ ದಾರಿ ಚಿಕ್ಕದು, ಆದರೆ ಅದರ ಹಿಂದಿನ ಜನ್ಮ ದೊಡ್ಡದು: 1807ರಲ್ಲಿ ಹಣ ಪಡೆದು ಪ್ರಯಾಣಿಕರನ್ನು ಹೊತ್ತ ಜಗತ್ತಿನ ಮೊದಲ ರೈಲು ಓಡಿದ್ದು ಅಲ್ಲೇ, ಅದನ್ನು ಎಳೆದದ್ದು ಕುದುರೆ. 1960ರಲ್ಲಿ ಆ ಮಾರ್ಗ ನಿಂತಿತು. ಈಗ ಮಕ್ಕಳ ಸೈಕಲ್ಲುಗಳು ಓಡುತ್ತವೆ.

ಆದರೆ ‘ಹಳೇ ರೈಲು ಮಾರ್ಗ’ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಹೊರಡಬೇಡಿ. ಎರಡು ಸಂಗತಿ ನೋಡಿಕೊಳ್ಳಬೇಕು.

ಒಂದು, ಕಡಲು ಎಷ್ಟು ದೂರ ಕಾಣುತ್ತದೆ? ಐರ್ಲೆಂಡಿನ ವಾಟರ್‌ಫರ್ಡ್‌ನಿಂದ ಡನ್‌ಗಾರ್ವನ್‌ವರೆಗಿನ 46 ಕಿ.ಮೀ. ದಾರಿ 2017ರಲ್ಲಿ ತೆರೆಯಿತು. ಅಪರೂಪದ ದಾರಿ, ನನಗೆ ತುಂಬ ಇಷ್ಟವಾದದ್ದು. ಆದರೆ ಅದರ ಬಹುಭಾಗ ನದಿ, ಹೊಲ, ಕಣಿವೆಗಳ ನಡುವೆ ಸಾಗುತ್ತದೆ. ಫೋಟೊಗಳಲ್ಲಿರುವ ಕಡಲು ಡನ್‌ಗಾರ್ವನ್ ತುದಿಯಲ್ಲಿದೆ. ಇಟ್ಟಿಗೆ ಒಳಗೋಡೆಯ, ಸುಮಾರು 400 ಮೀಟರಿನ ಒಂದು ಸುರಂಗ. ಮೇಲಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಬಾಯಿಯ ಹತ್ತಿರ ಜರಿಗಿಡಗಳು ಜೋತುಬಿದ್ದಿವೆ. ಅದನ್ನು ದಾಟಿ ಬ್ಯಾಲಿವೊಯ್ಲ್ ಸೇತುವೆಯ ಮೇಲೆ ಬಂದು ಮುಂದೆ ಹೋದಂತೆ ಕೊಲ್ಲಿ ಬಿಚ್ಚಿಕೊಳ್ಳುತ್ತದೆ. ಆ ಸೇತುವೆಯನ್ನು 1922ರ ಅಂತರ್ಯುದ್ಧದಲ್ಲಿ ಸ್ಫೋಟಿಸಿ ಕೆಡವಿದ್ದರು. ಎರಡು ವರ್ಷದಲ್ಲಿ ಮತ್ತೆ ಕಟ್ಟಿದರು. ಸಮುದ್ರಕ್ಕಾಗಿಯೇ ಹೋಗುವವರು ಡನ್‌ಗಾರ್ವನ್ ತುದಿಯಿಂದ ಹೊರಟು ಸುರಂಗ ಮುಟ್ಟಿ ವಾಪಸು ಬರಬೇಕು. ವಾಟರ್‌ಫರ್ಡ್ ಕಡೆಯಿಂದ ಹೊರಟ ಹನ್ನೊಂದು ವರ್ಷದ ಮಗು ಮೂವತ್ತು ಕಿಲೋಮೀಟರ್‌ವರೆಗೆ ‘ಸಮುದ್ರ ಎಲ್ಲಿ’ ಎಂದು ಕೇಳುತ್ತಲೇ ಇರುತ್ತದೆ. ಫ್ರಾನ್ಸಿನ ಅಟ್ಲಾಂಟಿಕ್ ತೀರದ 1,200 ಕಿ.ಮೀ.ಗೂ ಉದ್ದದ ವೆಲೊಡಿಸೆ ಮಾರ್ಗದ್ದೂ ಇದೇ ಕಥೆ. ಲಾಂದ್ ಪ್ರದೇಶದಲ್ಲಿ ಅದು ಮರಳದಿಬ್ಬಗಳ ಹಿಂದಿನ ಪೈನ್ ಕಾಡಿನೊಳಗೆ ಹೋಗುತ್ತದೆ. ಬಿಸಿಲಿನ ದಿನ ಅದೇ ಸುಖ, ಆದರೆ ಕಡಲು ನೋಡಬೇಕೆಂದರೆ ಸೈಕಲ್ ನಿಲ್ಲಿಸಿ ದಿಬ್ಬ ಹತ್ತಬೇಕು.

ಎರಡು, ರೈಲಿನವರೂ ಒಮ್ಮೊಮ್ಮೆ ಏರುದಾರಿಗೆ ಸೋತಿದ್ದಾರೆ. ಇಂಗ್ಲೆಂಡಿನ ಸ್ಕಾರ್‌ಬರೊ–ವಿಟ್ಬಿ ನಡುವಿನ 34 ಕಿ.ಮೀ. ‘ಸಿಂಡರ್ ಟ್ರ್ಯಾಕ್’ ಅದಕ್ಕೆ ಸಾಕ್ಷಿ. ಹಳಿಯ ಕೆಳಗೆ ಜಲ್ಲಿಯ ಬದಲು ಬೂದಿಗಿಟ್ಟ ಹಾಸಿದ್ದರಿಂದ ಆ ಹೆಸರು. 1885ರಿಂದ 1965ರವರೆಗೆ ರೈಲು ಓಡಿದ ಈ ಮಾರ್ಗ ರೇವನ್‌ಸ್ಕಾರ್ ಎಂಬಲ್ಲಿ ಕಡಲಿನಿಂದ 190 ಮೀಟರಿಗೂ ಎತ್ತರಕ್ಕೆ ಏರುತ್ತದೆ, 39 ಮೀಟರಿಗೆ ಒಂದು ಮೀಟರಿನಂತೆ. ಹೇಳಲು ಕಡಿಮೆ, ಆದರೆ ಒದ್ದೆ ಮಣ್ಣಿನ ನೆಲದಲ್ಲಿ ಕಿಲೋಮೀಟರುಗಟ್ಟಲೆ ಬಿಡದೆ ಏರುವುದೆಂದರೆ ತೊಡೆ ಸುಸ್ತಾಗುತ್ತದೆ. ಮೇಲಿನಿಂದ ಕಾಣುವ ಕೊಲ್ಲಿ ಆ ಕಷ್ಟಕ್ಕೆ ಸರಿದೂಗುತ್ತದೆ ಎಂದು ನನಗನ್ನಿಸುತ್ತದೆ. ನಿಮ್ಮ ಅಮ್ಮನಿಗೆ ಮೊದಲ ಸಲಕ್ಕೆ ಬೇಡ.

ಇನ್ನು ತಡೆಗೋಡೆಯ ದಾರಿಗಳು. ಕೆನಡಾದ ವ್ಯಾಂಕೂವರ್ ನಗರದ ಸ್ಟ್ಯಾನ್ಲಿ ಪಾರ್ಕ್ ಸುತ್ತ ಇರುವುದು ಮೂಲತಃ ದಂಡೆ ಕೊರೆಯದಂತೆ ಕಟ್ಟಿದ ಕಲ್ಲಿನ ಗೋಡೆ. 1917ರಲ್ಲಿ ಶುರುವಾದ ಕೆಲಸ ಹಲವು ದಶಕ ನಡೆಯಿತು. ಜೇಮ್ಸ್ ಕನ್ನಿಂಗ್‌ಹ್ಯಾಮ್ ಎಂಬ ಕಲ್ಲುಕೆಲಸದ ಮೇಸ್ತ್ರಿ ದಶಕಗಳ ಕಾಲ ಅದರ ಕೆಲಸದಲ್ಲಿದ್ದರು, ನಿವೃತ್ತರಾದ ಮೇಲೂ 1963ರಲ್ಲಿ ತೀರಿಕೊಳ್ಳುವವರೆಗೆ ಬಂದು ನೋಡುತ್ತಿದ್ದರು. ಒಂದು ಸುತ್ತು ಸುಮಾರು ಒಂಬತ್ತು ಹತ್ತು ಕಿಲೋಮೀಟರ್. ಸೈಕಲ್ಲಿನವರು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಒಂದೇ ದಿಕ್ಕಿನಲ್ಲಿ ಹೋಗಬೇಕು, ಹಾಗಾಗಿ ಕಡಲು ಸದಾ ಬಲಕ್ಕೆ, ಎದುರಿನಿಂದ ಯಾರೂ ಬರುವುದಿಲ್ಲ. ಹೆದರಿದ ಮಗುವಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ. ಗೋಡೆಯ ದಾರಿಗಳು ಸಾಮಾನ್ಯವಾಗಿ ಹೀಗೇ: ಸಪಾಟು, ನುಣುಪು, ಕಡಲಿಗೆ ತೀರಾ ಹತ್ತಿರ. ಜೊತೆಗೆ ಜನಜಂಗುಳಿ. ಗಾಳಿಗೆ ಅಡ್ಡವಿಲ್ಲ. ಬಿರುಗಾಳಿಯ ದಿನ ಅಲೆ ನೇರ ದಾರಿಯ ಮೇಲೇ ಬೀಳುತ್ತದೆ, ಆಗ ಮುಚ್ಚುತ್ತಾರೆ. ಅಮೆರಿಕದ ಲಾಸ್ ಏಂಜಲೀಸ್‌ನ 35 ಕಿ.ಮೀ. ದಾರಿಯಂತೆ ಮರಳಿನ ಮೇಲೇ ಕಾಂಕ್ರೀಟ್ ಹಾಸಿದ ದಾರಿಗಳೂ ಇವೆ. ಅಲ್ಲಿಯ ತೊಂದರೆ ಅಲೆಯಲ್ಲ, ಗಾಳಿ ತಂದು ಸುರಿದ ಮರಳು. ಗಟ್ಟಿ ದಾರಿಯ ಮೇಲೆ ತೆಳ್ಳಗೆ ಹರಡಿದ ಮರಳು ಕಂಡರೆ ಬ್ರೇಕ್ ಒತ್ತಬಾರದು, ಹ್ಯಾಂಡಲ್ ತಿರುಗಿಸಬಾರದು. ವೇಗ ಮೊದಲೇ ತಗ್ಗಿಸಿ ನೆಟ್ಟಗೆ ಹಾದುಹೋಗಬೇಕು. ಗಾಲಿ ಹೂತುಹೋಗುವಷ್ಟಿದ್ದರೆ ಇಳಿದು ತಳ್ಳಿ.

ಉತ್ತರ ಸಮುದ್ರದ ಅಂಚಿನಲ್ಲಿ, ನೆದರ್ಲೆಂಡ್ಸ್, ಜರ್ಮನಿ, ಡೆನ್ಮಾರ್ಕ್‌ಗಳಲ್ಲಿ ಮಣ್ಣಿನ ಏರಿಯ ದಾರಿಗಳಿವೆ. ಇಲ್ಲೊಂದು ಗುಟ್ಟಿದೆ. ಏರಿಗೆ ಎರಡು ಮಗ್ಗುಲು. ಹೊರಮಗ್ಗುಲಿನಲ್ಲಿ ಹೋದರೆ ಕಡಲು, ಹಕ್ಕಿ, ಆಕಾಶ, ಜೊತೆಗೆ ಪೂರ್ತಿ ಗಾಳಿ. ಒಳಮಗ್ಗುಲಿನಲ್ಲಿ ಹೋದರೆ ಗಾಳಿ ಅರ್ಧ, ಆದರೆ ಹುಲ್ಲಿನ ಗೋಡೆ ಬಿಟ್ಟು ಏನೂ ಕಾಣದು. ನಾನಾದರೆ ಬೆನ್ನಿಗೆ ಗಾಳಿ ಇರುವಾಗ ಹೊರಗೆ, ಎದೆಗೆ ಗಾಳಿ ಇರುವಾಗ ಒಳಗೆ. ಏರಿಯ ಹುಲ್ಲನ್ನು ಕುರಿಗಳು ಮೇಯುತ್ತವೆ, ಅವುಗಳನ್ನು ತಡೆಯಲು ಅಡ್ಡಲಾಗಿ ಗೇಟುಗಳಿರುತ್ತವೆ. ಪ್ರತಿ ಸಲ ಇಳಿದು, ತೆರೆದು, ದಾಟಿ, ಮತ್ತೆ ಮುಚ್ಚಬೇಕು. ಮಕ್ಕಳಿಗೆ ಇದು ಆಟ; ಸೊಂಟನೋವಿರುವ ಹಿರಿಯರಿಗೆ ಹತ್ತನೇ ಗೇಟಿನ ಹೊತ್ತಿಗೆ ಶಿಕ್ಷೆ.

ವಾಹನ ಬಿಟ್ಟುಕೊಟ್ಟ ರಸ್ತೆಗಳು ಕಡಿಮೆ. ಇದ್ದಲ್ಲಿ ಅದ್ಭುತ. ಸ್ಲೊವೇನಿಯಾದಲ್ಲಿ ಕೋಪರ್ ಮತ್ತು ಇಝೋಲಾ ಊರುಗಳ ನಡುವೆ 2015ರಲ್ಲಿ ಹೊಸ ಸುರಂಗ ರಸ್ತೆ ತೆರೆದ ಮೇಲೆ ಕಡಲಂಚಿನ ಹಳೇ ರಸ್ತೆಗೆ ಮೋಟಾರು ವಾಹನ ಬರದಂತೆ ಮಾಡಿದರು. ಒಂದಿಡೀ ರಸ್ತೆಯ ಅಗಲ, ಪಕ್ಕದಲ್ಲಿ ಏಡ್ರಿಯಾಟಿಕ್ ಸಮುದ್ರ, ಮೂವರೂ ಪಕ್ಕಪಕ್ಕ ಮಾತಾಡುತ್ತ ಹೋಗಬಹುದು. ಮೂವರು ಜೊತೆಗೆ ಹೋಗುವಾಗ ಈ ಅಗಲದ ಬೆಲೆ ಗೊತ್ತಾಗುತ್ತದೆ.

ಕಳೆದ ಸಲ ನಿಮಗಾದ ನಿರಾಶೆಗೆ ಕಾರಣ ಬಹುಶಃ ‘ವಾಹನಮುಕ್ತ’ ಎಂಬ ಮಾತಿನ ಸಡಿಲ ಬಳಕೆ. ಜಪಾನಿನ ಶಿಮನಾಮಿ ಕೈದೊ ಎಷ್ಟು ಹೆಸರಾಂತ ದಾರಿ! ಒನೊಮಿಚಿಯಿಂದ ಇಮಬಾರಿಯವರೆಗೆ ಸುಮಾರು 70 ಕಿ.ಮೀ., ದ್ವೀಪದಿಂದ ದ್ವೀಪಕ್ಕೆ ಸೇತುವೆಗಳ ಮೇಲೆ. 1999ರಲ್ಲಿ ಮುಗಿದ ಕುರುಶಿಮಾ ಸೇತುವೆಯಂತೂ ಒಂದರ ಬೆನ್ನಿಗೆ ಒಂದಾಗಿ ಮೂರು ತೂಗುಸೇತುವೆ, ಒಟ್ಟು ಸುಮಾರು ನಾಲ್ಕು ಕಿಲೋಮೀಟರ್. ಕೆಳಗೆ ಸುಳಿ ಸುತ್ತುವ ನೀರು, ಹಡಗುಗಳು. ಸೇತುವೆಗಳ ಮೇಲೆ ಸೈಕಲ್ಲಿಗೆ ಪ್ರತ್ಯೇಕ ಪಟ್ಟಿ ಇದೆ. ಆದರೆ ದ್ವೀಪಗಳ ಮೇಲೆ ನೀಲಿ ಗೆರೆ ಎಳೆದಿರುವುದು ಬಹುಪಾಲು ಸಾಮಾನ್ಯ ರಸ್ತೆಯ ಅಂಚಿನಲ್ಲಿ. ವಾಹನ ಕಡಿಮೆ, ಚಾಲಕರು ಸಂಭಾವಿತರು, ಆದರೂ ಅದು ರಸ್ತೆಯೇ. ನಿಮ್ಮ ಮಗಳಿಗೆ ಇಮಬಾರಿ ಕಡೆಯಿಂದ ಆ ಒಂದು ಸೇತುವೆ ಹತ್ತಿ, ಆಚೆ ತುದಿ ಮುಟ್ಟಿ ವಾಪಸು ಬರುವಷ್ಟೇ ಸಾಕು. ಸೇತುವೆಗೆ ಏರುವ ಸುತ್ತುದಾರಿಯನ್ನು ಸೈಕಲ್ಲಿಗೆಂದೇ ಮೆತ್ತಗೆ ಕಟ್ಟಿದ್ದಾರೆ. ನೀರಿನಿಂದ ಅಷ್ಟು ಎತ್ತರದಲ್ಲಿ ಗಾಳಿ ಬೇರೆಯೇ ಇರುತ್ತದೆ, ಕುತ್ತಿಗೆಯವರೆಗೆ ಜಿಪ್ ಇರುವ ಒಂದು ಜಾಕೆಟ್ ಇಟ್ಟುಕೊಳ್ಳಿ.

ಹಾಗಾಗಿ ಯಾವ ದಾರಿಯನ್ನಾದರೂ ಖಾತ್ರಿ ಮಾಡಿಕೊಳ್ಳುವ ಮೊದಲು ಅರ್ಧ ಗಂಟೆ ಉಪಗ್ರಹ ನಕ್ಷೆಯ ಮುಂದೆ ಕೂತುಕೊಳ್ಳಿ. ದಾರಿಯ ಗೆರೆಯನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋಗಿ. ಎಲ್ಲೆಲ್ಲಿ ಅದು ರಸ್ತೆಗೆ ಸೇರುತ್ತದೆ, ಎಲ್ಲಿ ರಸ್ತೆಯನ್ನು ದಾಟುತ್ತದೆ, ಎಲ್ಲಿ ಗೆರೆಗೂ ನೀರಿಗೂ ನಡುವೆ ಮರಗಳಿವೆ ಎಂದು ಒಂದು ಕಾಗದದಲ್ಲಿ ಗುರುತು ಹಾಕಿ. ಈ ಕೆಲಸಕ್ಕೆ ಮಗಳನ್ನೇ ಕೂರಿಸಿ. ತಾನೇ ನೋಡಿ ‘ಇಲ್ಲಿ ಕಾರಿಲ್ಲ’ ಎಂದು ಗೊತ್ತುಮಾಡಿಕೊಂಡ ದಾರಿಯಲ್ಲಿ ಅವಳ ಭುಜ ಬಿಗಿಯಾಗಿರುವುದಿಲ್ಲ.

ಆ ದಾಟುವ ಜಾಗಗಳ ಬಗ್ಗೆ ಒಂದು ಮಾತು. ವಾಹನವಿಲ್ಲದ ದಾರಿಯಲ್ಲಿ ನನಗೆ ನಿಜಕ್ಕೂ ಭಯವಾಗುವುದು ಅಲ್ಲೇ. ಐದು ಕಿಲೋಮೀಟರ್ ಯಾವ ಚಿಂತೆಯೂ ಇಲ್ಲದೆ ಓಡಿಸಿದ ಮಗು ರಸ್ತೆ ಅಡ್ಡ ಬಂದಾಗ ನೋಡುವುದನ್ನೇ ಮರೆತಿರುತ್ತದೆ. ಪ್ರತಿ ದಾಟಿನಲ್ಲೂ ಕಾಲು ನೆಲಕ್ಕೆ ಊರಬೇಕು, ಮೂವರೂ ಒಟ್ಟಿಗೆ ದಾಟಬೇಕು ಎಂಬ ನಿಯಮ ಮಾಡಿ, ಯಾರಿಗೂ ರಿಯಾಯಿತಿ ಬೇಡ. ಉಳಿದಂತೆ ಎದುರಾಗುವವರು ನಡೆಯುವವರು, ಉದ್ದ ಹಗ್ಗದ ನಾಯಿಗಳು, ತೂರಾಡುವ ಪುಟ್ಟ ಮಕ್ಕಳು. ಹಿಂದಿನಿಂದ ಬಂದಾಗ ಬೆಲ್ಲು ದೂರದಿಂದಲೇ ಒಮ್ಮೆ ಮೆಲ್ಲಗೆ ಬಾರಿಸಿ. ಹತ್ತಿರ ಬಂದು ಬಾರಿಸಿದರೆ ಜನ ಬೆಚ್ಚಿ ತಪ್ಪು ಕಡೆಗೆ ಜಿಗಿಯುತ್ತಾರೆ.

ಈಗ ಗಾಳಿ. ಕಡಲಂಚಿನಲ್ಲಿ ಬೆಟ್ಟವಿಲ್ಲದಿದ್ದರೂ ಏರು ಇರುತ್ತದೆ, ಅದರ ಹೆಸರು ಎದುರುಗಾಳಿ. ಗಂಟೆಗೆ 18 ಕಿ.ಮೀ. ವೇಗದಲ್ಲಿ ನೀವು ಹೋಗುತ್ತಿದ್ದೀರಿ, ಅಷ್ಟೇ ವೇಗದ ಗಾಳಿ ಎದುರಿನಿಂದ ಬಂತು ಅಂದುಕೊಳ್ಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾಗಿ ಎದೆಗೆ ಬೀಳುವ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಬೆನ್ನಗಾಳಿ ತೀರಿಸುತ್ತದೆ ಎಂಬ ಲೆಕ್ಕವೂ ಸರಿಹೋಗದು. 20 ಕಿ.ಮೀ. ಹೋಗಿ 20 ಕಿ.ಮೀ. ಬರುವ ದಾರಿ ಗಾಳಿಯಿಲ್ಲದೆ ಗಂಟೆಗೆ 16ರಂತೆ ಎರಡೂವರೆ ಗಂಟೆ. ಎದುರುಗಾಳಿಗೆ 10, ಬೆನ್ನಗಾಳಿಗೆ 22 ಆದರೆ ಸುಮಾರು ಎರಡು ಗಂಟೆ ಐವತ್ತೈದು ನಿಮಿಷ. ಕೆಟ್ಟ ಭಾಗದಲ್ಲೇ ಹೆಚ್ಚು ಹೊತ್ತು ಕಳೆಯುತ್ತೇವಲ್ಲ, ಅದಕ್ಕೆ.

ಬೇಸಿಗೆಯಲ್ಲಿ ಈ ಗಾಳಿಗೆ ಒಂದು ದಿನಚರಿ ಇದೆ. ಬೆಳಿಗ್ಗೆ ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲಿನ ತಂಪುಗಾಳಿ ನುಗ್ಗುತ್ತದೆ. ಹತ್ತು ಹನ್ನೊಂದರ ಹೊತ್ತಿಗೆ ಶುರುವಾಗಿ ಮಧ್ಯಾಹ್ನದ ನಂತರ ಜೋರು. ಗಂಟೆಗೆ 20 ಕಿ.ಮೀ. ದಾಟುವುದು ಅಪರೂಪವಲ್ಲ. ಆದ್ದರಿಂದ ಬೆಳಗಿನ ಏಳರಿಂದ ಹತ್ತೂವರೆ ಒಳಗೆ ಸವಾರಿ ಮುಗಿಸಿದರೆ ಅರ್ಧ ಕಷ್ಟ ಇರುವುದೇ ಇಲ್ಲ. ಮಧ್ಯಾಹ್ನವೇ ಹೋಗಬೇಕಾದರೆ ಇದೊಂದು ನೆನಪಿಡಿ: ಕಡಲಗಾಳಿ ಮೊದಲು ನೇರ ದಂಡೆಗೆ ಬಡಿಯುತ್ತದೆ, ಹೊತ್ತು ಕಳೆದಂತೆ ಭೂಮಿ ತಿರುಗುವುದರ ಪರಿಣಾಮದಿಂದ ದಂಡೆಯುದ್ದಕ್ಕೆ ಓರೆಯಾಗುತ್ತದೆ. ಉತ್ತರಾರ್ಧಗೋಳದಲ್ಲಿ, ಬೇರೆ ಜೋರುಗಾಳಿ ಇಲ್ಲದ ದಿನ, ಕಡಲಿಗೆ ಬೆನ್ನು ಮಾಡಿ ನಿಂತರೆ ಅದು ನಿಮ್ಮ ಬಲಗಡೆಗೆ ವಾಲುತ್ತದೆ. ನಿಮ್ಮ ವಾಪಸು ಪ್ರಯಾಣ ಆ ಬಲಗಡೆಗೇ ಇರಲಿ. ಸುಸ್ತಾದ ಹೊತ್ತಿನಲ್ಲಿ ಬೆನ್ನ ಮೇಲೆ ಒಂದು ಕೈ ಇಟ್ಟು ತಳ್ಳಿದಂತೆ ಇರುತ್ತದೆ.

ಗಾಳಿ ಇನ್ನೊಂದು ಮೋಸವನ್ನೂ ಮಾಡುತ್ತದೆ. ಮೈ ತಂಪಾಗಿರುವುದರಿಂದ ಬಿಸಿಲು ಗೊತ್ತಾಗುವುದಿಲ್ಲ. ಒಣ ಮರಳು ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳಲ್ಲಿ ಸುಮಾರು ಶೇ. 15ರಷ್ಟನ್ನು, ಅಲೆಯ ನೊರೆ ಶೇ. 25ರಷ್ಟನ್ನು ಹಿಂದಕ್ಕೆ ಚೆಲ್ಲುತ್ತವೆ. ಟೊಪ್ಪಿಗೆಯ ನೆರಳಿನಲ್ಲಿದ್ದ ಗಲ್ಲದ ಕೆಳಗೂ ಚರ್ಮ ಸುಡುತ್ತದೆ. ಹ್ಯಾಂಡಲ್ ಹಿಡಿದ ಕೈಗಳ ಹಿಂಭಾಗವನ್ನು ಎಲ್ಲರೂ ಮರೆಯುತ್ತಾರೆ, ಅಲ್ಲಿಗೂ ಸನ್‌ಸ್ಕ್ರೀನ್ ಹಚ್ಚಿ.

ಉಬ್ಬರ ಇಳಿತ ನೋಡಬೇಕೇ ಎಂದರೆ, ದಾರಿ ಗೋಡೆಯ ಮೇಲೋ ನೀರಿನ ಮಟ್ಟದಲ್ಲೋ ಇದ್ದರೆ ಖಂಡಿತ. ಸಾಮಾನ್ಯವಾಗಿ ಎರಡು ಉಬ್ಬರಗಳ ನಡುವೆ 12 ಗಂಟೆ 25 ನಿಮಿಷ, ಹಾಗಾಗಿ ದಿನಕ್ಕೆ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರಕ್ಕೆ ಕಡಲ ಕಡೆಯ ಗಾಳಿ ಸೇರಿದರೆ ಅಲೆ ಗೋಡೆ ಹಾರುತ್ತದೆ. ಅಂಥ ಗಂಟೆಗಳನ್ನು ತಪ್ಪಿಸಿದರೆ ಸಾಕು.

ದೂರ ಎಷ್ಟು? ಮೊದಲ ದಿನ ಹೋಗಿ ಬರುವುದು ಸೇರಿ 15ರಿಂದ 18 ಕಿಲೋಮೀಟರ್. ಇದಕ್ಕಿಂತ ಹೆಚ್ಚು ಬೇಡ ಎನ್ನುತ್ತೇನೆ, ಅಮ್ಮ ‘ಇನ್ನೂ ಹೋಗೋಣ’ ಎಂದರೂ. ಸಪಾಟು ದಾರಿಯ ಒಂದು ಕಷ್ಟವೆಂದರೆ ಎಲ್ಲೂ ಇಳಿಜಾರು ಇರುವುದಿಲ್ಲ, ಹಾಗಾಗಿ ಪೆಡಲ್ ನಿಲ್ಲಿಸಿ ಕಾಲಿಗೆ ಬಿಡುವು ಕೊಡುವ ಸಂದರ್ಭವೇ ಬರುವುದಿಲ್ಲ, ಸೀಟಿನಿಂದ ಎದ್ದು ನಿಲ್ಲುವುದೂ ಇಲ್ಲ. ಅರ್ಧ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಅಮ್ಮನಿಗೆ ಪೆಡಲ್ ತುಳಿದಾಗ ಮೋಟಾರು ನೆರವಾಗುವ ಇ-ಸೈಕಲ್ ಬಾಡಿಗೆಗೆ ಸಿಕ್ಕರೆ ಸಂಕೋಚಪಡದೆ ತೆಗೆದುಕೊಳ್ಳಿ. ಎದುರುಗಾಳಿಯಲ್ಲಿ ಮೂವರೂ ಒಂದೇ ವೇಗದಲ್ಲಿರಬಹುದು. ಒಂದೇ ಎಚ್ಚರಿಕೆ, ಅದು ಭಾರ. ನಿಂತಲ್ಲೇ ವಾಲಿದರೆ ಹಿಡಿಯುವುದು ಕಷ್ಟ. ಹೊರಡುವ ಮೊದಲು ಖಾಲಿ ಜಾಗದಲ್ಲಿ ಹತ್ತು ಸಲ ಹತ್ತಿ ಇಳಿದು ನೋಡಲಿ. ಮೂರು ಗಾಲಿಯ ಸೈಕಲ್ ಬೇಕೆಂದಾದರೆ ದಾರಿಯ ಬಾಯಲ್ಲಿ ಮೋಟಾರುಬೈಕು ತಡೆಯಲು ನೆಟ್ಟ ಅಡ್ಡಗಂಬಗಳ ಅಗಲವನ್ನು ಮೊದಲೇ ವಿಚಾರಿಸಿ. ಎಷ್ಟೋ ಕಡೆ ಮೂರುಗಾಲಿ ಅದರಲ್ಲಿ ನುಸುಳುವುದಿಲ್ಲ.

ಬಾಡಿಗೆ ಸೈಕಲ್ ಕೈಗೆ ಬಂದ ಕೂಡಲೇ ಬ್ರೇಕ್ ಲಿವರ್ ಪೂರ್ತಿ ಒತ್ತಿ ಬಿಡಿ. ಅದು ಪಟ್ಟನೆ ವಾಪಸು ಬರಬೇಕು. ಒಮ್ಮೆ ನಾನು ಈ ಪರೀಕ್ಷೆ ಮಾಡದೆ ಹೊರಟೆ. ಕೇಬಲ್ ಒಳಗೆ ಉಪ್ಪು ಕೂತು ತುಕ್ಕು ಹಿಡಿದಿತ್ತು, ಒತ್ತಿದ ಹಿಂದಿನ ಬ್ರೇಕ್ ಬಿಡದೆ ಕಚ್ಚಿಕೊಂಡಿತು. ಎಂಟು ಕಿಲೋಮೀಟರ್ ತಳ್ಳಿಕೊಂಡು ಬಂದೆ. ಟೈರು 40 ಮಿಲಿಮೀಟರ್ ಆಸುಪಾಸಿನ ಅಗಲ ಇದ್ದರೆ ಡಾಂಬರು, ಒತ್ತಿದ ಜಲ್ಲಿಪುಡಿ, ಮರದ ಹಲಗೆ ಎಲ್ಲಕ್ಕೂ ಸರಿ. ಹಲಗೆ ಒದ್ದೆಯಾಗಿದ್ದರೆ ಸಾಬೂನಿನಷ್ಟು ಜಾರುತ್ತದೆ. ಹಲಗೆಗಳ ಸಂದು ಅಡ್ಡಡ್ಡಕ್ಕಿದ್ದರೆ ಚಿಂತೆಯಿಲ್ಲ, ಗಾಲಿಯ ಉದ್ದಕ್ಕೇ ಸಂದಿದ್ದರೆ ಇಳಿದುಬಿಡಿ.

ಎಲ್ಲಿಗೆ ಹೋಗಬಹುದು ಎಂದು ಕೇಳಿದ್ದೀರಿ. ನನ್ನ ಆಯ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ಕ್ಯಾಮೆಲ್ ಟ್ರೇಲ್‌ನ ಒಂದು ತುಂಡು: ಪ್ಯಾಡ್‌ಸ್ಟೋದಿಂದ ವೇಡ್‌ಬ್ರಿಜ್‌ವರೆಗೆ ಸುಮಾರು ಒಂಬತ್ತು ಕಿಲೋಮೀಟರ್. 1967ರಲ್ಲಿ ನಿಂತ ರೈಲಿನ ಪಟ್ಟೆ, ಏರಿಲ್ಲ, ಅಳಿವೆಯ ನೀರು ಉದ್ದಕ್ಕೂ ಪಕ್ಕದಲ್ಲೇ. ಇಳಿತದ ಹೊತ್ತಿನಲ್ಲಿ ಹೊಳೆಯುವ ಮರಳಪಟ್ಟಿಗಳು, ಕೊಕ್ಕರೆಗಳು. ಉಬ್ಬರದಲ್ಲಿ ಅದೇ ಜಾಗದಲ್ಲಿ ದೋಣಿಗಳು. ನಡುವೆ ಒಂದು ಹಳೆಯ ಕಬ್ಬಿಣದ ಸೇತುವೆ. ಹೋಗುವಾಗ ಕಂಡ ನೋಟ ಬರುವಾಗ ಇರುವುದಿಲ್ಲ, ಹಾಗಾಗಿ ಬಂದ ದಾರಿಯಲ್ಲೇ ವಾಪಸಾದರೂ ಮಗಳಿಗೆ ಬೇಸರವಾಗದು. ಬೇಸಿಗೆ ರಜೆಯಲ್ಲಿ ಅಲ್ಲಿ ಕಿಕ್ಕಿರಿದಿರುತ್ತದೆ, ಬೆಳಿಗ್ಗೆ ಬೇಗ ಹೊರಡಿ ಅಥವಾ ರಜೆ ಮುಗಿದ ಮೇಲೆ ಹೋಗಿ. ಅದು ಒಗ್ಗಿದ ಮೇಲೆ ಸಾನ್‌ರೆಮೊದ 24 ಕಿ.ಮೀ., ಆಮೇಲೆ ಡನ್‌ಗಾರ್ವನ್ ತುದಿ. ಸಿಂಡರ್ ಟ್ರ್ಯಾಕ್ ಮಗಳಿಗೆ ಹದಿನಾಲ್ಕಾದಾಗ ಕಾದಿರುತ್ತದೆ.

ನಿಮ್ಮದೇ ಸೈಕಲ್ ಒಯ್ಯುವುದಾದರೆ ಸಂಜೆ ಮಲಗುವ ಮೊದಲು ಹತ್ತು ನಿಮಿಷ ಅದಕ್ಕೆ ಕೊಡಿ. ಚೈನನ್ನು ಬಿಳಿ ಬಟ್ಟೆಯಲ್ಲಿ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ ನೋಡಿ, ಕರಿ ಎಣ್ಣೆಯ ಜೊತೆ ಮರಳಿನ ಕಾಳುಗಳು ಕರಕರ ಎನ್ನುತ್ತವೆ. ನೀರೇ ಮುಟ್ಟದಿದ್ದರೂ ಗಾಳಿಯಲ್ಲಿ ಬಂದ ಉಪ್ಪು ಅಲ್ಲಿ ಕೂತಿರುತ್ತದೆ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ. 75 ದಾಟಿದರೆ ತಾನೇ ನೀರು ಹೀರಿ ಒದ್ದೆಯಾಗುತ್ತದೆ. ಕಡಲುಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್ ಅದಕ್ಕಿಂತ ಬಹಳ ಕಡಿಮೆಗೇ ಒದ್ದೆಯಾಗುತ್ತದೆ. ರಾತ್ರಿಯ ಕಡಲತೀರದಲ್ಲಿ ತೇವಾಂಶಕ್ಕೇನು ಕೊರತೆ? ಒಣಗಿದ್ದ ಚೈನು ಬೆಳಗಾಗುವಷ್ಟರಲ್ಲಿ ಕೇಸರಿ ಬಣ್ಣಕ್ಕೆ ತಿರುಗುವುದು ಹೀಗೆ. ಸಿಹಿನೀರನ್ನು ಮಗ್ಗಿನಿಂದ ಮೆಲ್ಲಗೆ ಸುರಿಯಿರಿ. ಜೋರು ಒತ್ತಡದ ಪೈಪು ಬೇಡ, ಅದು ಉಪ್ಪನ್ನು ಬೇರಿಂಗಿನ ಒಳಕ್ಕೇ ತಳ್ಳುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಕೊಂಡಿಗೊಂದರಂತೆ ತೆಳು ಎಣ್ಣೆಯ ಹನಿ ಬಿಟ್ಟು, ಹೆಚ್ಚಿನದನ್ನು ಮತ್ತೆ ಒರೆಸಿಬಿಡಿ. ಉಳಿದ ಜಿಡ್ಡಿಗೆ ನಾಳೆಯ ಮರಳು ಅಂಟುತ್ತದೆ.